ಅವ್ವನ ಬೆರಳು, ಬೆಂಗಳೂರಿನ ಥಂಡಿ

ಅವ್ವನ ಬಲಗೈ ಉಗುರುಗಳ ಮೇಲೆ ಸೂಜಿಮೊನೆ ಊರಿದಷ್ಟು ಸಣ್ಣ ಗುಳಿಗಳಿದ್ದವು. ನಾವು ಅವನ್ನು ಪಾತ್ರೆ ತಿಕ್ಕುವ ಬೂದಿಯ ಲೆಕ್ಕಕ್ಕೆ ಹಾಕಿದ್ದೆವು. ಬೆರಳುಗಳು ಬಾತು ಬೆಳಗಿನ ಹೊತ್ತು ಮಡಚಲಾಗದೆ ಹೋದದ್ದನ್ನು ಅವ್ವ ಬೆಂಗಳೂರಿನ ಲೆಕ್ಕಕ್ಕೆ ಹಾಕಿದ್ದಳು.

ಎಪ್ಪತ್ತರ ದಶಕದ ಕೊನೆ. ಅಪ್ಪನ ಕಚೇರಿ ಕೆಲಸಕ್ಕಾಗಿ ಬಿಜಾಪುರದ ಕಡೆಯಿಂದ ಬಂದು ಬೆಂಗಳೂರಿನ ಅಂಚಿನ ಕೊಡಿಗೇಹಳ್ಳಿಯಲ್ಲಿ ಬಾಡಿಗೆಗಿದ್ದೆವು. ನನಗೆ ಎಂ.ಎ. ಮುಗಿದು, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವನ ಬೆರಳು ಸಡಿಲಾಗುತ್ತಿದ್ದವು. ಮೊಣಕೈ ಮೇಲೆ ಹೊಟ್ಟೇಳುವ ಕೆಂಪು ಕಲೆಗಳೂ ತಿಳಿಯಾಗುತ್ತಿದ್ದವು. "ಈ ಊರ ಥಂಡಿ ನನ್ನ ಕೀಲಿನ್ಯಾಗ ಹೊಕ್ಕೈತಿ" ಎಂಬ ಅವಳ ವಾದಕ್ಕೆ ಅದೇ ಸಾಕ್ಷಿ. ರೊಟ್ಟಿ ತಟ್ಟಲಾಗದೆ ಅವಳು ಅತ್ತ ದಿನ, ಊರ ಕಡೆಗೆ ವರ್ಗ ಕೇಳಲು ಅಪ್ಪ ಒಪ್ಪಿದರು. ನನ್ನ ಕೆಲಸ ಬಿಡಬೇಕಾಗುತ್ತದೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಅವ್ವನ ಕರಿಬೇವಿನ ಸಸಿಯೂ ತಗಡಿನ ಡಬ್ಬದಲ್ಲೇ ಉಳಿದಿತ್ತು. ಮನೆಯೊಡತಿ ಅಜ್ಜಿ ಬೇಲಿಯಾಚೆಯಿಂದ ಕೆಣಕುತ್ತಿದ್ದರು: "ನೆಲಕ್ಕಾಕ್ರಮ್ಮ! ಡಬ್ಬದಾಗೆ ಅದೇನ್ ಬೆಳೆದಾತು?"

"ಹೋಗೋ ಮಂದಿಗೆ ಗಿಡ ಯಾಕ್ರೀ?"

"ನೀವೋದ್ರೆ ಎಲೆ ಕಿತ್ತು ಸಾರಿಗೆ ನಾನಾಕ್ಕಂತೀನಿ ಬಿಡಿ!"

ಕೊನೆಗೆ ಅವ್ವನನ್ನು ಯಶವಂತಪುರದ ಡಾಕ್ಟರೊಬ್ಬರ ಬಳಿ ಕರೆದೊಯ್ದೆ. ಅವರು ಬಾತ ಬೆರಳಿಗಿಂತ ಮೊದಲು ಉಗುರು ನೋಡಿದರು.

"ಮೈಮೇಲೆ ಹೊಟ್ಟು ಏಳೋ ಕಲೆ ಇದೆಯಾ ತಾಯಿ?"

ಅವ್ವ ಸೆರಗನ್ನು ಮೊಣಕೈ ಮೇಲೆ ಎಳೆದುಕೊಂಡಳು. "ಅದು ಬ್ಯಾರೇರೀ. ಅದರ ಡಾಕ್ಟರೂ ಬ್ಯಾರೆ ಅದಾರ."

"ಎರಡೂ ಒಂದೇ ಕಾಯಿಲೆ. ಉಗುರಿನ ಗುಳಿನೂ ಅದರದ್ದೇ. ಸೋರಿಯಾಸಿಸ್ ಇರೋ ಕೆಲವರಿಗೆ ಕೀಲಿಗೂ ಬರುತ್ತೆ."

"ಊರಿಗೆ ಹೋದ್ರ ಕಡಿಮಿ ಆಕ್ಕೈತಿ. ಥಂಡಿ ಅಲ್ಲ?"

"ಅಲ್ಲಮ್ಮ. ಪೂರ್ತಿ ಹೋಗಲ್ಲ, ಆದ್ರೆ ಮಾತ್ರೆ ತಗೊಂಡು ಹಿಡಿತದಲ್ಲಿ ಇಟ್ಕೋಬಹುದು. ಚರ್ಮಕ್ಕೆ ಎಳೆಬಿಸಿಲು ಒಳ್ಳೇದು. ಬಿಸಿಲು ಇಲ್ಲೂ ಬರುತ್ತಲ್ಲಾ?"

ಬಸ್ ನಿಲ್ದಾಣದಲ್ಲಿ ಅವ್ವ ವ್ಯಾಜ್ಯ ಸೋತವಳಂತೆ ನಿಂತಿದ್ದಳು. "ಹಂಗಾರ ಇಷ್ಟು ವರ್ಷ ಈ ಊರಿಗೆ ಸುಮ್ಮನ ಬೈದೆ."

"ಬೈಯಾಕ ಎರಡು ದಿನಕ್ಕೊಮ್ಮಿ ಬರೋ ನಳದ ನೀರು ಐತಲ್ಲ, ಬಿಡವ್ವಾ."

"ಅದೂ ಖರೆ." ನಕ್ಕಳು. ಬಸ್ಸು ಹತ್ತುವಾಗ ಹಿಂತಿರುಗದೆ ಹೇಳಿದಳು: "ವರ್ಗ ಬ್ಯಾಡಂತ ನಿಮ್ಮಪ್ಪಗ ನೀನೇ ಹೇಳು."

ಮರುದಿನ ಬೆಳಗ್ಗೆ ಅವ್ವ ರವಿಕೆಯ ತೋಳು ಮೇಲೇರಿಸಿಕೊಂಡು ಅಂಗಳದ ಬಿಸಿಲಿನಲ್ಲಿ ಕುಳಿತಿದ್ದಳು. ನಾನು ಕಾಲೇಜಿಗೆ ಹೊರಡುವ ಮೊದಲು ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ, ಡಬ್ಬದ ಬದಿ ತಟ್ಟಿ, ಸಸಿಯನ್ನು ಮಣ್ಣು ಸಮೇತ ಇಳಿಸಿ ನೆಟ್ಟೆ.