ತತ್ತಿ ಚೆಂಡಿನ ಮಾಯಕ್ಕ

ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಚಿಗಳ್ಳಿಯ ಉಳವಪ್ಪನವರ ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದಿದೆ. ಕೂಳೆಗಳನ್ನು ಸಲಿಕೆಯಿಂದ ಕೆತ್ತಿ ಸಮ ಮಾಡಿದ ನೆಲದ ಎರಡೂ ತುದಿಗೆ ನಾಲ್ಕು ನಾಲ್ಕು ಬಿದಿರು ಗಳ ನೆಟ್ಟಿದ್ದಾರೆ. ಚೂಡಿದಾರದ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಹೆಂಗಸೊಬ್ಬಳು ನಡುವೆ ನಿಂತು, ಕೆಂಪು ಚೆಂಡನ್ನು ಆಕಾಶಕ್ಕೆ ಒದೆಯುತ್ತಾಳೆ. ಚೆಂಡು ಮಂಜಿನೊಳಗೆ ಮಾಯವಾಗುತ್ತದೆ. ಕೆಳಗೆ ಐದಾರು ಹುಡುಗಿಯರು ಕತ್ತೆತ್ತಿಕೊಂಡು ಕಾಯುತ್ತಾರೆ.

"ಕಣ್ಣಿಗೆ ಕಾಣೂತನಕ ನಿಂದ್ರಬ್ಯಾಡ್ರೆವ್ವಾ! ಎಲ್ಲಿ ಬೀಳತೈತಿ ಅಂತ ಕಾಲಿಗೆ ಮೊದಲ ತಿಳೀಬೇಕು, ಓಡ್ರಿ!"

ಈಕೆ ಮಾಯಾ ಲಮಾಣಿ. ವಯಸ್ಸು ಮೂವತ್ತೈದರ ಆಸುಪಾಸು. ಊರು ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಪಕ್ಕದ ಲಂಬಾಣಿ ತಾಂಡಾ. ಹೊತ್ತೇರಿದ ಮೇಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವ ಕೂಲಿ ಮಾಡುತ್ತಾಳೆ. ಗಂಡ ಬಾಲು ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ನರ್ಸರಿಗೆ ಹೋಗುವ ಮುಂಚಿನ ಎರಡು ತಾಸು ಮಾತ್ರ ಆಕೆಯದು. ಆ ಎರಡು ತಾಸಿನಲ್ಲಿ, ಎಂಟು ವರ್ಷಗಳಿಂದ, ಆಕೆ ಹೆಣ್ಣುಮಕ್ಕಳಿಗೆ ಆಸ್ಟ್ರೇಲಿಯನ್ ಫುಟ್‌ಬಾಲ್ ಕಲಿಸುತ್ತಿದ್ದಾಳೆ.

ಚೆಂಡು ಗುಂಡಗಿಲ್ಲ, ಕೋಳಿ ತತ್ತಿಯ ಆಕಾರ. ಅದಕ್ಕೇ ಇಲ್ಲಿಯವರ ಬಾಯಲ್ಲಿ ಇದು 'ತತ್ತಿ ಚೆಂಡು'. ಒದೆಯಬಹುದು, ಹಿಡಿಯಬಹುದು, ಹಿಡಿದುಕೊಂಡು ಓಡಬಹುದು, ಎಸೆಯುವಂತಿಲ್ಲ. ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರ್ತಿಗೆ ದಾಟಿಸಬೇಕು. ನಡುವಿನ ಎರಡು ಗಳಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದೇ ಒಂದು.

ಮಾಯಾ ಈ ಆಟ ಕಲಿತದ್ದು ಆಕಸ್ಮಿಕವಾಗಿ. ಮುಂಡಗೋಡದ ಹಾಸ್ಟೆಲಿನಲ್ಲಿದ್ದಾಗ ಆಕೆ ಕಬಡ್ಡಿ ಆಡುತ್ತಿದ್ದಳು. ಹೊರರಾಜ್ಯದ ಟೂರ್ನಿಯೊಂದಕ್ಕೆ ಹೆಣ್ಣುಮಕ್ಕಳ ತಂಡ ಬೇಕೆಂದು ಯಾರೋ ಹುಬ್ಬಳ್ಳಿಯಲ್ಲಿ ಶಿಬಿರ ನಡೆಸಿದರು. ಗಟ್ಟಿಮುಟ್ಟಾದ ಹುಡುಗಿಯರನ್ನು ಹುಡುಕಿ ತಂದು, ವಾರದಲ್ಲಿ ಆಟ ಕಲಿಸಿ ರೈಲು ಹತ್ತಿಸಿದರು. ಎರಡನೇ ಪಂದ್ಯದಲ್ಲಿ ಎತ್ತರದ ಚೆಂಡಿಗೆ ಜಿಗಿದ ಮಾಯಾಳ ಬಲ ಭುಜದೆಲುಬು ಮುರಿಯಿತು. ಕರೆದುಕೊಂಡು ಹೋದವರು ಐಸ್ ಹಚ್ಚಿದರು, ಅಷ್ಟೆ. ಓಢಣಿಯಲ್ಲಿ ಕೈ ಕಟ್ಟಿಕೊಂಡು, ಜನರಲ್ ಬೋಗಿಯಲ್ಲಿ ನಿಂತುಕೊಂಡು ಆ ಹುಡುಗಿ ಊರಿಗೆ ಬಂದಳು. ಆಮೇಲೆ ಒಬ್ಬರೂ ಫೋನು ಮಾಡಿ ಹೆಂಗಿದ್ದೀಯಮ್ಮಾ ಎಂದು ಕೇಳಲಿಲ್ಲ. ಎಲುಬು ಸೊಟ್ಟಗೇ ಕೂಡಿಕೊಂಡಿತು. ಇವತ್ತಿಗೂ ಮಣ್ಣಿನ ಬುಟ್ಟಿಯನ್ನು ಆಕೆ ಎಡಗಡೆಗೇ ಹೊರುತ್ತಾಳೆ.

"ಸಿಟ್ಟ ಬಂದಿತ್ರಿ. ಖರೇ ಹೇಳಬೇಕಂದ್ರ ಇನ್ನೂ ಐತಿ," ಎನ್ನುತ್ತಾಳೆ. "ಆದ್ರ ಆಟದ ಮ್ಯಾಲ ಅಲ್ರಿ. ಆಟ ಏನ್ ಮಾಡೈತಿ ಪಾಪ?"

ಆಟವನ್ನು ಆಕೆ ಬಿಡಲಿಲ್ಲ. ತಾಂಡಾದ ಹುಡುಗಿಯರಿಂದ ಶುರುವಾದದ್ದು ಹಳಿಯಾಳಕ್ಕೆ, ದಾಂಡೇಲಿಗೆ, ಜೋಯಿಡಾದ ಗಣೇಶಗುಡಿಗೆ ಹಬ್ಬಿತು. ವಾರದ ದಿನಗಳಲ್ಲಿ ಚಿಗಳ್ಳಿಯ ಗದ್ದೆ. ಭಾನುವಾರ ಎರಡು ಬಸ್ಸು ಬದಲಿಸಿ ಹಳಿಯಾಳಕ್ಕೆ ಹೋಗಿ ನಾಲ್ಕೂ ತಾಲ್ಲೂಕಿನ ಹುಡುಗಿಯರನ್ನು ಒಟ್ಟಿಗೆ ಆಡಿಸುತ್ತಾಳೆ. ಕಳೆದ ವರ್ಷ ಈ ತಂಡ ರಾಜ್ಯಮಟ್ಟದಲ್ಲಿ ಎರಡನೆಯ ಸ್ಥಾನ ಗಳಿಸಿತು. ಆಗ ನಾಲ್ಕು ತಾಲ್ಲೂಕುಗಳ ಹೆಸರಿನಲ್ಲಿ ಒಂದು ಸಂಘ ಹುಟ್ಟಿಕೊಂಡಿತು. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಂದು ಸನ್ಮಾನ ಸಮಾರಂಭ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರಲ್ಲಿ ಯಾರೂ ತತ್ತಿ ಚೆಂಡನ್ನು ಒಮ್ಮೆಯಾದರೂ ಒದ್ದವರಲ್ಲ. ಮಾಯಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದಳು. ಆಕೆಯ ಹೆಸರನ್ನು ಅಲ್ಲಿ ಯಾರೂ ಹೇಳಲಿಲ್ಲ.

ಈ ವರ್ಷದ ರಾಜ್ಯ ಟೂರ್ನಿ ಧಾರವಾಡದಲ್ಲಿ. ಒಂಬತ್ತು ಜನ ಆಡುವ ತಂಡ, ಮೇಲೆ ಮೂವರು ಬದಲಿ ಆಟಗಾರ್ತಿಯರು. ಹಂಗಾಮು ಶುರುವಾಗುವ ಮುಂಚೆ ತಂಡ ಹೇಗಿದೆ ಎಂದು ಕೇಳಿದರೆ ಮಾಯಾ ಮುಲಾಜಿಲ್ಲದೆ ಮಾತಾಡುತ್ತಾಳೆ.

"ಹೋದ ವರ್ಷಕ್ಕಿಂತ ಕಾಲು ಚಲೋ ಅದಾವ, ಕೈ ಸ್ವಲ್ಪ ಕಮ್ಮಿ. ಸುನಂದಾ ಮುಂದ ನಿಂತು ಗೋಲು ಹೊಡೀತಿದ್ಲು, ಆಕೀದು ಮದುವಿ ಆಗಿ ಹೋತು. ಆ ಜಾಗಾ ಇನ್ನೂ ಸರಿಯಾಗಿ ತುಂಬಿಲ್ರಿ. ಹಳಿಯಾಳದ ಪೂರ್ಣಿಮಾ ಒದ್ದಳಂದ್ರ ಚೆಂಡು ಅರ್ಧ ಮೈದಾನ ದಾಟತೈತಿ, ಆದ್ರ ಬಲಗಾಲ ಒಂದ. ಎಡಕ್ಕ ತಿರುಗಿಸಿ ಹಾಕಿದ್ರ ಬಾಯಿ ಬಾಯಿ ಬಿಡ್ತಾಳ. ಗಣೇಶಗುಡಿ ಸಹನಾ ನದ್ಯಾಗ ಹುಟ್ಟು ಹಾಕಿದ ಕೈ, ಹಿಡಿದ ಚೆಂಡು ಬಿಡಂಗಿಲ್ಲ. ಓಟ ಇನ್ನೂ ಬರಬೇಕು."

ಮತ್ತೆ ಕಾಜಲ್?

ಕಾಜಲ್ ಮಾಯಾಳದೇ ತಾಂಡಾದ ಹುಡುಗಿ, ಪಿಯುಸಿ ಓದುತ್ತಾಳೆ. ಗುಂಪಿನ ನಡುವೆ ನೆಲಕ್ಕೆ ಬಿದ್ದ ಚೆಂಡು ಮೊದಲು ಸಿಗುವುದು ಈಕೆಯ ಕೈಗೇ. ಗುಂಡಗಿರುವ ಚೆಂಡು ಹೇಗೆ ಪುಟಿಯುತ್ತದೆಂದು ಯಾರಾದರೂ ಹೇಳಬಹುದು, ತತ್ತಿ ಚೆಂಡು ಯಾವ ಕಡೆ ಹಾರೀತು ಎಂದು ಹೇಳುವವರು ಕಡಿಮೆ. ಕಾಜಲ್ ಅದು ಹಾರುವ ಕಡೆಗೇ ಮೊದಲು ಹೋಗಿ ನಿಂತಿರುತ್ತಾಳೆ. ಕಳೆದ ವರ್ಷ ತಂಡದ ನಾಯಕಿ ಈಕೆಯೇ.

"ಆಕಿ ಇಲ್ಲಂದ್ರ ಇವರೆಲ್ಲಾ ಬರೇ ಓಡೋರು, ಒದಿಯೋರು. ಆಕಿ ಇದ್ರ ಟೀಮು," ಎನ್ನುತ್ತಾಳೆ ಮಾಯಾ.

ಆ ಕಾಜಲಳನ್ನೇ ಸಂಘದವರು ಕೈಬಿಟ್ಟರು.

ಹಳಿಯಾಳದಲ್ಲಿ ಆಯ್ಕೆ ನಡೆದ ದಿನ ಹುಡುಗಿಯರು ಬೆಳಗಿನಿಂದ ಬಿಸಿಲಲ್ಲಿ ಕಾದಿದ್ದರು. ಕಾರ್ಯದರ್ಶಿಗಳು ಊಟದ ಹೊತ್ತಿಗೆ ಬಂದರು. ಜೊತೆಗೆ ಹೊಸ ಟ್ರ್ಯಾಕ್‌ಸೂಟಿನ ಒಬ್ಬ ಯುವಕ, ಅವರ ಹೆಂಡತಿಯ ಕಡೆಯ ನೆಂಟ. ಇನ್ನು ಮುಂದೆ ಕೋಚ್ ಇವರೇ ಎಂದರು. ಹುಡುಗಿಯರನ್ನು ಒಂದು ಸಲ ಓಡಿಸಿದರು. ಆಮೇಲೆ ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ಎತ್ತರ ಅಳೆದರು. ಚೆಂಡು ಚೀಲದಿಂದ ಹೊರಗೆ ಬರಲೇ ಇಲ್ಲ! ಫುಟ್‌ಬಾಲ್ ತಂಡದ ಆಯ್ಕೆಯೋ, ಪೊಲೀಸ್ ಭರ್ತಿಯೋ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಗಿಡ್ಡ ಎಂಬ ಒಂದೇ ಮಾತಿಗೆ ಕಾಜಲ್ ಹೊರಬಿದ್ದಳು.

ಮಾಯಾ ಮುಂದೆ ಹೋಗಿ ಕೈಮುಗಿದಳು. "ಸರ್, ಒಂದ ಸಲ ಚೆಂಡು ಬಿಟ್ಟು ನೋಡ್ರಿ. ಆಮ್ಯಾಲ ನೀವು ಹೇಳಿದಂಗ."

"ನಿನ್ನ ಯಾರು ಕೋಚ್ ಅಂತ ಮಾಡ್ಯಾರವಾ?" ಎಂದರು ಕಾರ್ಯದರ್ಶಿ. "ಮಣ್ಣು ತುಂಬೂ ಕೆಲಸ ಬಿಟ್ಟು ಇಲ್ಲಿ ಬಂದು ನಮಗ ಕಲಸ್ತೀಯೇನು?"

ಸುತ್ತ ನಿಂತವರಲ್ಲಿ ಕೆಲವರು ನಕ್ಕರು. ಆಗ ಸಾಲಿನಿಂದ ಪೂರ್ಣಿಮಾ ಹೊರಗೆ ಬಂದು, "ಕಾಜಲ್ ಇಲ್ಲಂದ್ರ ನಾನೂ ಬರಂಗಿಲ್ಲ" ಎಂದಳು. ಸಹನಾ ಕೂಡ ಅವಳ ಹಿಂದೆ ಹೆಜ್ಜೆ ಇಟ್ಟಳು. ಮಾಯಾ ತಾನೇ ಇಬ್ಬರನ್ನೂ ಗದರಿಸಿ ಸಾಲಿಗೆ ಮರಳಿ ತಳ್ಳಿದಳು. ರಾಜ್ಯ ಟೂರ್ನಿಯಲ್ಲಿ ಆಡಿದರೆ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು ಸಿಗುತ್ತದೆ. ಒಬ್ಬಳಿಗೆ ಆದ ಅನ್ಯಾಯಕ್ಕೆ ಉಳಿದವರ ಬಾಗಿಲೂ ಮುಚ್ಚಬಾರದು ಎಂದುಕೊಂಡಳು. ಕಾಜಲ್ ಅದನ್ನು ನೋಡುತ್ತ ನಿಂತಿದ್ದಳು. ಮರುದಿನದಿಂದ ಗದ್ದೆಗೆ ಬರುವುದನ್ನೇ ನಿಲ್ಲಿಸಿದಳು.

ಮೂರು ದಿನ ಕಾದು ಮಾಯಾ ಅವಳ ಮನೆಗೆ ಹೋದಳು. ಕಾಜಲಳ ತಾಯಿ ಕಮಲಿಬಾಯಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಕೂಡು ಎನ್ನಲೂ ಇಲ್ಲ.

"ಕಾಕಿ, ಕಾಜಲ್ ಎಲ್ಲಿ?"

"ಮಲಗ್ಯಾಳ. ಅವ್ರು ಟೇಪಿಲೆ ಅಳದ್ರು, ಗಿಡ್ಡ ಅಂದ್ರು, ಅದು ಇರಲಿ. ಅವ್ರು ಹೊರಗಿನವ್ರು," ಕಮಲಿಬಾಯಿ ತಲೆ ಎತ್ತದೆ ಹೇಳಿದಳು. "ಆಕೀ ಸಲುವಾಗಿ ಒಬ್ಬ ಹುಡುಗಿ ಬಾಯಿ ತಗದ್ಲು. ಆಕೀ ಬಾಯಿ ಮುಚ್ಚಿಸಿದಾಕಿ ಯಾರು? ನೀನ ಅಲ್ಲೇನು ಮಾಯಾ?"

"ಉಳಿದ ಹುಡುಗ್ಯಾರದೂ..." ಎಂದು ಶುರುಮಾಡಿದಳು ಮಾಯಾ.

"ನಿನ್ನ ಎಲುಬು ಮುರದಾಗ ಒಬ್ಬರೂ ಕೇಳಲಿಲ್ಲ ಅಂತ ಎಷ್ಟ ಸಲ ಹೇಳಿ ಅತ್ತೀಯಲ್ಲ, ಈಗ ನಮ್ಮ ಹುಡುಗೀನ್ನ ಕೇಳಾವ್ರು ಯಾರು?"

ಆ ಮಾತು ಈಗಲೂ ಚುಚ್ಚುತ್ತದೆ ಎನ್ನುತ್ತಾಳೆ ಮಾಯಾ. "ಬೈದಿದ್ರ ತಡಕೋತಿದ್ದೆ. ಆಕಿ ಬೈಲಿಲ್ಲ, ಖರೇ ಮಾತು ಹೇಳಿದ್ಲು."

ಸೋಮವಾರ ನರ್ಸರಿಯ ಕೂಲಿ ಬಿಟ್ಟು, ಕಾಜಲಳನ್ನು ಎಬ್ಬಿಸಿಕೊಂಡು ಮಾಯಾ ಹಳಿಯಾಳದ ಬಸ್ಸು ಹತ್ತಿದಳು. ಕಾರ್ಯದರ್ಶಿಗಳ ಹಾರ್ಡ್‌ವೇರ್ ಅಂಗಡಿ ಪೇಟೆಯ ನಡುವಿದೆ. ಅವರು ಗಲ್ಲೆ ಪೆಟ್ಟಿಗೆಯ ಹಿಂದಿನಿಂದಲೇ, "ವ್ಯಾಪಾರದ ಟೈಮು, ಸಂಜೀಕ ಬಾ" ಎಂದರು.

"ಸಂಜೀಕ ನಮಗ ಬಸ್ ಇಲ್ರಿ. ಇಲ್ಲೇ ಇರ್ತೇವಿ," ಎಂದಳು ಮಾಯಾ. ರಸ್ತೆಯ ಈ ಬದಿಗೆ ತಾನು ನಿಂತು, ಆ ಬದಿಗೆ ಕಾಜಲಳನ್ನು ನಿಲ್ಲಿಸಿ, ಚೀಲದಿಂದ ಚೆಂಡು ತೆಗೆದಳು.

ಮುಷ್ಟಿಯಿಂದ ಗುದ್ದಿದ ಚೆಂಡು ಬೈಕುಗಳ ಮೇಲಿಂದ, ತರಕಾರಿ ಗಾಡಿಯ ಮೇಲಿಂದ ಆಚೆಗೆ ಹಾರಿತು, ಈಚೆಗೆ ಬಂತು. ಮೊದಲಿಗೆ ಒಂದು ಸಲ ಕಾಜಲಳ ಕೈ ತಪ್ಪಿದ ಚೆಂಡು ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಕೊಡಗಳ ರಾಶಿಗೆ ಬಡಿದು, ಕೊಡಗಳೆಲ್ಲ ರಸ್ತೆಗೆ ಉರುಳಿದವು. ಜನ ನಕ್ಕರು, ಕೊಡ ಎತ್ತಿಕೊಟ್ಟರು, ಅಲ್ಲೇ ನಿಂತರು. ಆಮೇಲೆ ಕಾಜಲಳ ಮೈ ಚಳಿ ಬಿಟ್ಟಿತು. ಮಾಯಾ ಬೇಕೆಂದೇ ಚೆಂಡನ್ನು ಡಾಂಬರಿಗೆ ಕುಕ್ಕಿ ಕಳಿಸಿದಳು. ಅದು ಎತ್ತ ಪುಟಿದರೂ ಹುಡುಗಿ ಅತ್ತಲೇ ಇದ್ದಳು. ಆಟೋದವರು ಸಿಳ್ಳೆ ಹಾಕಿದರು. ಅಂಗಡಿಗೆ ಬರುವ ಗಿರಾಕಿಗಳಿಗೆ ದಾರಿಯೇ ಉಳಿಯಲಿಲ್ಲ.

ಮೊಳೆ ಕೊಳ್ಳಲು ಬಂದಿದ್ದ ಸೋಮಪ್ಪ, ಹಳೆಯ ಕುಸ್ತಿ ಪೈಲವಾನ, ಕೇಳಿದರು: "ಯಾವ ಟೀಮಿಗೆ ಆಡ್ತೀಯವಾ?"

"ಯಾವ ಟೀಮಿಗೂ ಇಲ್ರೀ ಅಜ್ಜಾ," ಕಾಜಲ್ ಎಲ್ಲರಿಗೂ ಕೇಳುವಂತೆ ಹೇಳಿದಳು. "ಗಿಡ್ಡ ಅದೀನಂತ ತಗದಾರ."

"ಯಾರ ತಗದಾರ?"

ಅವಳು ಅಂಗಡಿಯ ಕಡೆಗೆ ಕೈ ತೋರಿಸಿದಳು. ಸೋಮಪ್ಪ ತಿರುಗಿ ಗಲ್ಲೆಯತ್ತ ನೋಡಿದರು. "ಏನ್ರಿ ಸಾಹುಕಾರ್ರ, ಹಳಿಯಾಳದಾಗ ಎಷ್ಟ ಕುಸ್ತಿ ನೋಡೀರಿ ನೀವು? ಕಣಕ್ಕ ಇಳಿಸೂಕಿಂತ ಮುಂಚೆ ಯಾರರ ಟೇಪು ಹಿಡಿದು ನಿಂತಿದ್ರೇನು?"

ಪೇಟೆಯ ಜನರೆದುರು ಕಾರ್ಯದರ್ಶಿಗಳ ಮುಖ ಸಣ್ಣದಾಯಿತು. ಅಂಗಡಿಯಿಂದ ಇಳಿದು ಬಂದು, "ಆತು, ಬದಲಿ ಆಟಗಾರ್ತಿ ಅಂತ ಇರಲಿ" ಎಂದರು. ಆಮೇಲೆ ಮಾಯಾಳ ಹತ್ತಿರ ಬಂದು ದನಿ ತಗ್ಗಿಸಿದರು: "ಆದ್ರ ನೀ ಟೀಮಿನ ಜೋಡಿ ಧಾರವಾಡಕ್ಕ ಬರಂಗಿಲ್ಲ. ಮೈದಾನದೊಳಗ ಕಾಲಿಡಂಗಿಲ್ಲ. ಒಪ್ಪಿದ್ರ ಹುಡುಗಿ ಬರತಾಳ, ಇಲ್ಲಂದ್ರ ಇಲ್ಲ."

ಎಂಟು ವರ್ಷ ತಾನೇ ಹುಡುಕಿ, ಕಲಿಸಿ, ಬಸ್ಸು ಹತ್ತಿಸಿ ಕಟ್ಟಿದ ತಂಡ. ಅದರ ಜೊತೆ ಹೋಗಬೇಡ ಎನ್ನಲು ಈ ಮನುಷ್ಯನಿಗೆ ಯಾವ ಹಕ್ಕಿದೆ? ಮಾಯಾ ಆ ಪ್ರಶ್ನೆ ಕೇಳಲಿಲ್ಲ. ಕಾಜಲಳ ಮುಖ ನೋಡಿದಳು, "ಆತ್ರಿ" ಎಂದಳು.

ಈಗ ಟೂರ್ನಿಗೆ ಉಳಿದಿರುವುದು ಒಂದೇ ವಾರ. ಹೊಸ ಕೋಚ್ ಈವರೆಗೆ ಒಂದು ಭಾನುವಾರ ಬಂದು ಫೋಟೊ ತೆಗೆಸಿಕೊಂಡು ಹೋಗಿದ್ದಾರೆ. ಉಳಿದ ದಿನಗಳಲ್ಲಿ ಹುಡುಗಿಯರನ್ನು ಆಡಿಸುತ್ತಿರುವವಳು ಮಾಯಾಳೇ. ಪೂರ್ಣಿಮಾ ಎಡಗಾಲಿನಲ್ಲಿ ಒದೆಯಲು ಕಲಿಯುತ್ತಿದ್ದಾಳೆ, ಅರ್ಧಕ್ಕರ್ಧ ಗುರಿ ತಪ್ಪುತ್ತದೆ. ಸುನಂದಾಳ ಜಾಗಕ್ಕೆ ಸಹನಾಳನ್ನು ತಂದು ನಿಲ್ಲಿಸಿದ್ದಾಳೆ. ಕಾಜಲ್ ಮತ್ತೆ ಗದ್ದೆಗೆ ಬರುತ್ತಾಳೆ, ಮಾಯಾಳೊಂದಿಗೆ ಮೊದಲಿನಷ್ಟು ಮಾತಿಲ್ಲ. "ಆಗತೈತಿ, ಟೈಮ್ ಹಿಡೀತೈತಿ. ತಪ್ಪು ನಂದು," ಎನ್ನುತ್ತಾಳೆ ಆಕೆ.

ಗೆಲ್ಲುತ್ತಾರಾ? ಮಾಯಾ ಸುಳ್ಳು ಹೇಳುವುದಿಲ್ಲ. "ಸೆಮಿಫೈನಲ್ ತನಕ ಕಣ್ಣು ಮುಚ್ಚಿ ಹೋಗ್ತಾರ. ಫೈನಲ್ ಅಂದ್ರ ಕಾಜಲ್‌ನ್ನ ಒಳಗ ಇಳಸಬೇಕು. ಕುರ್ಚಿ ಮ್ಯಾಲ ಕುಂದ್ರಿಸಿದ್ರ ಸೋಲ್ತಾರ. ಅಷ್ಟ ನೋಡ್ರಿ."

ನರ್ಸರಿಯ ಹೊತ್ತಾಯಿತು. ಆಕೆ ಚೆಂಡಿನ ಮಣ್ಣೊರೆಸಿ ಚೀಲಕ್ಕೆ ಹಾಕಿ, ಕಾಜಲಳ ಕೈಗೆ ಕೊಡುತ್ತಾಳೆ. ಧಾರವಾಡದ ಮಾತು ಬಂದಾಗ ಅಂಗಿಯ ತೋಳು ಇಳಿಸಿಕೊಳ್ಳುತ್ತ ಹೇಳುತ್ತಾಳೆ:

"ಹೋಗೇ ಹೋಗ್ತೇನ್ರಿ, ಟೀಮಿನ ಜೋಡಿ ಅಲ್ಲ, ನನ್ನಷ್ಟಕ್ಕ ನಾ. ಮೈದಾನದೊಳಗ ಕಾಲಿಡಬ್ಯಾಡ ಅಂದಾರ, ಇಡಂಗಿಲ್ಲ. ಹಗ್ಗದ ಹೊರಗ ಜನದಾಗ ನಿಂದರತೇನಿ. ಎಷ್ಟ ಗದ್ದಲ ಇದ್ರೂ ಅಡ್ಡಿ ಇಲ್ಲ, ನನ್ನ ದನಿ ನನ್ನ ಹುಡುಗ್ಯಾರಿಗೆ ಗೊತ್ತೈತಿ."