ಕಾಲರಕ್ಕನ ಮಿಷಿನ್ನು

ಹದಿನೇಳು ವರ್ಷ ಅಂಗಿಗಳಿಗೆ ಕಾಲರು ಹೊಲಿದಿದ್ದರಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದು, ಐದು ವಾರ ರೇಡಿಯೇಷನ್ ಮುಗಿಸಿ, ಸುಧಾರಿಸಿಕೊಂಡು ಕೆಲಸಕ್ಕೆ ಮರಳಿದ ದಿನ ಅವಳು ಕೇಳಿದ್ದು ಒಂದೇ: "ನನ್ನ ಮಿಷಿನ್ನು ನನಗೇ ಇದೆ ತಾನೆ?"

ಇತ್ತು. ಅದರ ಪಕ್ಕದಲ್ಲಿ ಕೂತು ಅಂಗಿಗೆ ತೋಳು ಜೋಡಿಸುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ. ಕೆಲಸ ಕಲಿಸಿ ಒಳಗೆ ಸೇರಿಸಿದ್ದೂ ಅಕ್ಕನೇ.

ಜೀವ ಉಳಿಸಿದ್ದಕ್ಕೆ ಕಾಲರಕ್ಕ ದಿನವೂ ದೇವರಿಗೆ ಕೈಮುಗಿಯುತ್ತಿದ್ದಳು. ಆದರೆ ಕಾಯಿಲೆಯನ್ನು ಸುಟ್ಟ ಕಿರಣ ಅಕ್ಕಪಕ್ಕವನ್ನೂ ಬಿಟ್ಟಿರಲಿಲ್ಲ. ಮೂತ್ರ ಅರ್ಧ ಗಂಟೆಯೂ ತಡೆಯುತ್ತಿರಲಿಲ್ಲ. ಗಂಡ ಹತ್ತಿರ ಬಂದರೆ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ಒಳಗೆ ಬಿಗಿಯಾಗದಿರಲಿ ಎಂದು ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಕಂಡು ಅವನು, "ನನಗಿಂತ ಇದೇ ವಾಸೀನಾ?" ಎಂದು ನಕ್ಕು, ಹಾಸಿಗೆಯನ್ನು ಹೊರಕೋಣೆಗೆ ಎಳೆದುಕೊಂಡ.

ಸಾಲಿಗೆ ಮೂವತ್ತು ಹೆಂಗಸರು, ಒಂದೇ ಒಂದು ಮರದ ಹಲಗೆ. ಅದನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದವಳನ್ನು ಮಾತ್ರ ವಾಚ್‌ಮನ್ ಶೌಚಾಲಯಕ್ಕೆ ಬಿಡುತ್ತಿದ್ದ. ಒಬ್ಬಳು ಎದ್ದರೆ ಅವಳ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಟಾರ್ಗೆಟ್ಟು ತುಂಬದಿದ್ದರೆ ಇಡೀ ಸಾಲು ಒಂದು ಗಂಟೆ ತಡವಾಗಿ ಮನೆಗೆ.

"ಕಾಲರಕ್ಕಾ, ಮಿಷಿನ್ನು ಕಕ್ಕಸಲ್ಲೇ ಹಾಕಿಸ್ಕೊಂಬಿಡು!" ಅವಳು ಎದ್ದಾಗಲೆಲ್ಲ ಸಾಲಿನಿಂದ ಯಾರಾದರೂ ಕೂಗುತ್ತಿದ್ದರು.

"ನಲ್ಲಿ ಕೆಟ್ಟಿದೆ ಕಣ್ರೇ, ವಾಷರ್ ಸಿಗ್ತಿಲ್ಲ" ಎಂದು ಅವಳೂ ನಗುತ್ತಿದ್ದಳು.

ಕೊನೆಗೆ ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಎದ್ದಾಗಿನಿಂದ ಕೆಲಸ ಬಿಡುವವರೆಗೆ ಒಂದು ಗುಟುಕೂ ಇಲ್ಲ. ತಿಂಗಳೊಳಗೆ ಉರಿಮೂತ್ರ ಹತ್ತಿತು, ಅದರಲ್ಲಿ ರಕ್ತ ಬಂತು.

"ನೀರು ಕುಡೀಲೇಬೇಕು ಅಂತ ಹೇಳಿರಲಿಲ್ವಾ ಅಮ್ಮ?" ಆಸ್ಪತ್ರೆಯಲ್ಲಿ ನರ್ಸಮ್ಮ ಗದರಿದಳು.

"ನನಗೆ ಹೇಳಿದ್ರಿ ಸಿಸ್ಟರ್, ಹಲಗೆಗೆ ಹೇಳಿರಲಿಲ್ಲ."

ಮತ್ತೆ ಕುಡಿಯತೊಡಗಿದಳು, ಮತ್ತೆ ಮತ್ತೆ ಎದ್ದಳು. ಮೂರು ದಿನ ಸಾಲು ತಡವಾಗಿ ಬಿಟ್ಟಿತು. ನಾಲ್ಕನೆಯ ದಿನ ಮೊಳೆಯಲ್ಲಿ ಹಲಗೆ ಇರಲಿಲ್ಲ.

"ಹಲಗೆ ಎಲ್ರೇ?" ಯಾರೂ ತಲೆ ಎತ್ತಲಿಲ್ಲ. ತಂಗಿಯ ಕಡೆ ತಿರುಗಿದಳು. "ನೀನು ನೋಡಿದ್ಯೇನೇ?"

"ನನಗೇನು ಗೊತ್ತಕ್ಕ? ನೀನೇ ಮನೆಗೆ ಹೊತ್ಕೊಂಡು ಹೋಗಿರ್ತೀಯ."

ಸಾಲೆಲ್ಲ ಗೊಳ್ಳೆಂದಿತು. ಅವಳು ತೊಡೆ ಬಿಗಿಹಿಡಿದು ಕೂತು ಹೊಲಿದಳು. ಒಂದು ಕಾಲರು, ಎರಡು ಕಾಲರು. ಮೂರನೆಯದು ಅರ್ಧಕ್ಕೆ ಬಂದಾಗ ಸ್ಟೂಲಿನಿಂದ ನೆಲಕ್ಕೆ ಹನಿಯಿತು, ಆಮೇಲೆ ಹರಿಯಿತು. ಒದ್ದೆಯಾದೀತೆಂದು ತಂಗಿ ನೆಲದಲ್ಲಿದ್ದ ತೋಳುಗಳ ಕಟ್ಟನ್ನು ಗಬಕ್ಕನೆ ಎತ್ತಿಕೊಂಡಳು. ಅದರ ಅಡಿಯಲ್ಲಿ ಹಲಗೆ ಇತ್ತು.

ಅಕ್ಕ ನೋಡಿದಳು. ಅಕ್ಕ ನೋಡಿದ್ದನ್ನು ತಂಗಿಯೂ ನೋಡಿದಳು.

ಸೂಪರ್‌ವೈಸರ್ ಮೂಗು ಮುಚ್ಚಿಕೊಂಡೇ ಮಾತಾಡಿದ. "ನಾಳೆಯಿಂದ ದಾರ ಕತ್ತರಿಸೋ ಕಡೆ ಹೋಗಮ್ಮ. ಅಲ್ಲಿ ನೀನು ಎದ್ದು ಹೋದ್ರೂ ಯಾರ ಕೆಲಸಾನೂ ನಿಲ್ಲೋದಿಲ್ಲ."

"ಕಾಲರು ಯಾರು ಹೊಲೀತಾರೆ ಸಾರ್?"

"ನಿನ್ನ ತಂಗಿ. ನೀನೇ ಕಲಿಸಿದ್ದಲ್ವಾ?"

ಮರುದಿನ ತಂಗಿ ಸ್ಟೂಲು, ಮಿಷಿನ್ನು ಎಲ್ಲವನ್ನೂ ಫಿನಾಯಿಲ್ ಹಾಕಿ ಒರೆಸಿ ಕೂತಳು. ದಾರ ಕತ್ತರಿಸುವ ಮೇಜಿಗೆ ಬಂದ ಮೊದಲ ಅಂಗಿಯ ಕಾಲರು ಸೊಟ್ಟಗಿತ್ತು. ಕಾಲರಕ್ಕನಿಗೆ ತಡೆಯಲಾಗಲಿಲ್ಲ. ಅಂಗಿ ಹಿಡಿದು ಎದ್ದು ಬಂದು, ತಂಗಿಯ ಭುಜದ ಮೇಲಿಂದ ಬಾಗಿದಳು.

"ಮೂಲೆಗೆ ಬಂದಾಗ ಸೂಜಿ ಬಟ್ಟೆಯಲ್ಲೇ ಇಟ್ಟು ತಿರುಗಿಸು ಮರೀ."

ತಂಗಿ ತಲೆ ಎತ್ತಲಿಲ್ಲ. "ಮಿಷಿನ್ನು ಮುಟ್ಟಬೇಡಕ್ಕ. ಈಗ ತಾನೇ ಒರೆಸಿದೀನಿ."