ನೂರು ಟಗರಿನ ಜೀಪು

ಮರೋಳದ ಅಮಸಿದ್ದಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಅದರಿಂದ ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಟಗರಿನ ಸೊಂಟದ ಮೇಲೆ ಒಂದು ಸಲ ಅಂಗೈ ಒತ್ತಿದನೆಂದರೆ ಅದರಲ್ಲಿ ಎಷ್ಟು ಕಿಲೋ ಮಾಂಸವಿದೆ ಎಂದು ಹೇಳಿಬಿಡುತ್ತಿದ್ದ. ಕಟುಕರು ಆಮೇಲೆ ತೂಗಿ ನೋಡಿದರೆ ಅರ್ಧ ಕಿಲೋ ಆಚೆ, ಅರ್ಧ ಕಿಲೋ ಈಚೆ, ಅಷ್ಟೇ. ವಯಸ್ಸು ನಲವತ್ತೈದು ದಾಟಿತ್ತು. ಇಪ್ಪತ್ತೈದು ವರ್ಷಗಳಿಂದ ಅವನದು ಒಂದೇ ಕಸುಬು: ಹುನಗುಂದದ ಸುತ್ತಲಿನ ಕಲ್ಲುದಿನ್ನೆಯ ಮಡ್ಡಿಗಳಲ್ಲಿ ಕುರಿ ನಿಲ್ಲಿಸಿಕೊಂಡವರ ದಡ್ಡಿಗಳಿಗೆ, ಅಂದರೆ ಕುರಿಹಟ್ಟಿಗಳಿಗೆ, ನಡೆದು ಹೋಗುವುದು, ಟಗರು ಕೊಳ್ಳುವುದು, ಅಮೀನಗಡದ ಸಂತೆಯಲ್ಲಿ ಮುಂಬಯಿ ಲಾರಿಯವರಿಗೆ ಮಾರುವುದು.

1986ರ ಬೇಸಿಗೆಯಲ್ಲಿ, ಇದೇ ವ್ಯಾಪಾರ ಮಾಡುತ್ತಿದ್ದ ನಬಿಸಾಬ ಮೋಟರ್ ಸೈಕಲ್ ತಂದ. ಅಲ್ಲಿಂದ ಅಮಸಿದ್ದಪ್ಪನ ಗ್ರಹಚಾರ ಕೆಟ್ಟಿತು. ಇವನು ರೊಟ್ಟಿ ತಿಂದು ಆರು ಮೈಲು ನಡೆದು ದಡ್ಡಿ ಮುಟ್ಟುವಷ್ಟರಲ್ಲಿ ನಬಿಸಾಬ ಒಳ್ಳೊಳ್ಳೆಯ ಟಗರುಗಳ ಬೆನ್ನಿಗೆಲ್ಲ ಬಣ್ಣದ ಗುರುತು ಹಾಕಿ, ಕುರಿಯವರ ಚಹಾ ಕುಡಿದು, ತಿರುಗಿ ಹೊರಟಿರುತ್ತಿದ್ದ. ಎದುರಾದರೆ ಗಾಡಿ ನಿಲ್ಲಿಸಿ ಕುಶಲ ಬೇರೆ ಕೇಳುತ್ತಿದ್ದ.

"ಏನ ಅಮಸಿದ್ದಣ್ಣ, ಹವಾ ತಿನ್ನಾಕ ಹೊಂಟೀಯೇನು?"

ಮೂರು ಸಲ ಕೇಳಿಸಿಕೊಂಡ. ನಾಲ್ಕನೆಯ ಸಲ ಮನೆಗೆ ಬಂದು ಹೆಂಡತಿ ರೇಣವ್ವನ ಮುಂದೆ ಕೂತು ಹೇಳಿದ.

"ನಾ ಜೀಪ ತಗೋತೇನಿ."

ರೇಣವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ಮೋಟರ್ ಸೈಕಲ್ ಬ್ಯಾಡೇನು?"

"ಅವನಕಿಂತ ಸಣ್ಣಾವ ಆಗೂದು ಬ್ಯಾಡ, ಸಮ ಆಗೂದೂ ಬ್ಯಾಡ."

ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಉಳಿದ ರೊಕ್ಕ ರೇಣವ್ವನ ಟ್ರಂಕಿನಲ್ಲಿತ್ತು, ಟ್ರಂಕಿನ ಕೀಲಿ ರೇಣವ್ವನ ಸೊಂಟದಲ್ಲಿತ್ತು. ಅವಳು ಬೇಡ ಎನ್ನಲಿಲ್ಲ. ಎರಡು ಮೂರು ನೋಡಿ ಆರಿಸಬೇಕು, ಕುರಿ ಆರಿಸುವ ಹಾಗೆ, ಎಂದಳು. ಬಕ್ರೀದಿಗೆ ಇನ್ನು ಐದು ವಾರವಿತ್ತು. ವರ್ಷದ ವ್ಯಾಪಾರವೆಲ್ಲ ಆಗ.

ಮೊದಲು ನೋಡಿದ್ದು ಇಳಕಲ್ಲಿನ ಕಲ್ಲಿನ ಖಣಿ ಮಾಲೀಕರೊಬ್ಬರ ಮನೆ ಮುಂದೆ ನಿಂತಿದ್ದ ಹೊಸ ಬಿಳಿ ಜಿಪ್ಸಿಯನ್ನು. ಅಮಸಿದ್ದಪ್ಪ ಅದರ ಸುತ್ತ ಎರಡು ಸುತ್ತು ಹಾಕಿ, ಹಿಂಭಾಗದ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದ. ಮೈ ನುಣ್ಣಗಿತ್ತು. ಡ್ರೈವರನನ್ನು ಬೆಲೆ ಕೇಳಿದ. ಲಕ್ಷದ ಮೇಲೆ ಎಂದ ಡ್ರೈವರ. ಅಮಸಿದ್ದಪ್ಪ ಯಾವ ಬೆಲೆಯನ್ನೂ ರೂಪಾಯಿಯಲ್ಲಿ ನೆನಪಿಡುತ್ತಿರಲಿಲ್ಲ. ಆಗ ಒಂದು ಹದವಾದ ಟಗರಿಗೆ ನಾನೂರು. ಲಕ್ಷವೆಂದರೆ ಇನ್ನೂರೈವತ್ತು ಟಗರು. ಅಷ್ಟು ಟಗರು ಒಂದರ ಹಿಂದೊಂದು ಬೀದಿ ತುಂಬ ಹೋಗುವುದನ್ನು ಕಣ್ಮುಂದೆ ತಂದುಕೊಂಡು, ಇಟ್ಟ ಕೈ ತೆಗೆದ.

ಉಳಿದದ್ದು ಎರಡು ಹಳೆಯ ಜೀಪು. ಒಂದು ಪೆಟ್ರೋಲಿನದು, ಅರವತ್ತು ಟಗರಿನದು. ಹುನಗುಂದದ ಹೊಳಬಸಪ್ಪ ಸಾವುಕಾರರು ಅದನ್ನು ಬಾಗಲಕೋಟೆಯ ಹರಾಜಿನಲ್ಲಿ ಹಿಡಿದು ತಂದು ಕುಂಕುಮದಂಥ ಕೆಂಪು ಬಣ್ಣ ಬಳಿಸಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಸವಿ ಮಾತು. ಮರೋಳಕ್ಕೆ ಬರುವ ರೇಷನ್ ಅವರ ಅಂಗಡಿಯದೇ. ಇನ್ನೊಂದು ಡೀಸೆಲಿನದು, ನೂರು ಟಗರಿನದು. ಇಳಕಲ್ಲಿನ ಜಲಾಲುದ್ದೀನ ಮಿಸ್ತ್ರಿ ಯಾವುದೋ ಜೀಪಿನ ಮೈಗೆ ಯಾವುದೋ ಡೀಸೆಲ್ ಇಂಜಿನ್ ಕೂರಿಸಿ ತಾನೇ ಕಟ್ಟಿದ ಗಾಡಿ. ಬಣ್ಣ ಇರಲಿಲ್ಲ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು.

"ನೋಡಪಾ," ಎಂದರು ಹೊಳಬಸಪ್ಪನವರು, "ಪೆಟ್ರೋಲ್ ಇಂಜಿನ್ ಅಂದ್ರ ಮೆತ್ತಗ, ಮಾತು ಕೇಳತೈತಿ. ಡೀಸೆಲ್ ಅಂದ್ರ ಒಳಗೊಂದು ಹಿಟ್ಟಿನ ಗಿರಣಿ ಇಟ್ಕೊಂಡು ಕುಂತಂಗ."

"ಹಿಟ್ಟಿನ ಗಿರಣಿ ದಿನಾ ನಡೀತೈತಿ ಅಣ್ಣಾ," ಎಂದ ಇಳಕಲ್ಲಿನಲ್ಲಿ ಆ ಮಾತು ಕೇಳಿದ ಜಲಾಲುದ್ದೀನ. "ಪೆಟ್ರೋಲಿನ ಅರ್ಧ ರೇಟಿನ್ಯಾಗ ನಡೀತೈತಿ. ಅವ್ರ ಕೆಂಪು ಗಾಡಿ ಎಷ್ಟ್ ಕುಡಿತೈತಿ ಕೇಳ್ರಿ. ಅವ್ರು ಹೇಳೂದಿಲ್ಲ."

ಕೇಳಿದಾಗ ಹೊಳಬಸಪ್ಪನವರು ನಿಜಕ್ಕೂ ಹೇಳಲಿಲ್ಲ. ನಕ್ಕರು ಅಷ್ಟೇ. ಎಷ್ಟು ಓಡಿಸಿದರೂ ಅವರ ಗಾಡಿಗೆ ಖರ್ಚೇ ಬರುತ್ತಿಲ್ಲವೆಂಬುದು ಹುನಗುಂದದವರೆಲ್ಲ ಬಲ್ಲ ಆಶ್ಚರ್ಯವಾಗಿತ್ತು.

ತಲೆ ಕೆಟ್ಟು ಅಮಸಿದ್ದಪ್ಪ ಬೀರಪ್ಪನ ಗುಡಿಗೆ ಹೋದ. ಪೂಜಾರಿ ಹುಲ್ಲಪ್ಪನ ಮೈಮೇಲೆ ದೇವರು ಬರುತ್ತಿತ್ತು. ಮಳೆ, ಮದುವೆ, ಕಳೆದ ಕುರಿ, ಯಾವುದಕ್ಕೂ ದೇವರು ಉತ್ತರ ಕೊಟ್ಟಿತ್ತು. ಇಂಜಿನ್ನಿನ ಪ್ರಶ್ನೆ ಇದೇ ಮೊದಲು. ಹುಲ್ಲಪ್ಪ ಕಂಬಳಿ ಹೊದ್ದು ಸ್ವಲ್ಪ ಹೊತ್ತು ನಡುಗಿ, ದೊಡ್ಡ ದನಿಯಲ್ಲಿ ಹೇಳಿದ.

"ಕೆಂಪಂದು ತಗೋ, ಮಗನ! ಕೆಂಪಂದು ನಂದು!"

ಅಮಸಿದ್ದಪ್ಪ ಕೈಮುಗಿದ. ಹಿಂದೆ ನಿಂತಿದ್ದ ರೇಣವ್ವ ಮುಂದೆ ಬಂದಳು.

"ದೇವ್ರ, ಲೀಟರಿಗೆ ಎಷ್ಟ್ ಮೈಲು ಕೊಡತೈತಿ ಅದನ್ನೂ ಹೇಳಿಬಿಡ್ರಿ."

ದೇವರು ತಟ್ಟನೆ ಇಳಿದು ಹೋಯಿತು. ಹಿಂದಿನ ದಿನ ಹುಲ್ಲಪ್ಪ ಹುನಗುಂದದಿಂದ ಕೆಂಪು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬಂದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಬೈಯಲಿಲ್ಲ. ತೆಂಗಿನಕಾಯಿ ಒಡೆಸಿ, ಅರ್ಧ ಹೋಳು ಲೆಕ್ಕದಂತೆ ಮರಳಿ ಇಸಿದುಕೊಂಡು ಮನೆಗೆ ಬಂದಳು.

ಕೊನೆಗೆ ಅಮಸಿದ್ದಪ್ಪ ತನಗೆ ಗೊತ್ತಿದ್ದ ಒಂದೇ ಪರೀಕ್ಷೆಗೆ ಇಳಿದ. ಟಗರು ಕೊಳ್ಳುವ ಮೊದಲು ಅವನು ಅದನ್ನು ದಿನ್ನೆ ಹತ್ತಿಸಿ ನೋಡುತ್ತಿದ್ದ. ಕುಂಟಾಗಿದ್ದರೆ, ದಮ್ಮು ಇದ್ದರೆ, ಅಲ್ಲಿ ತಿಳಿದುಬಿಡುತ್ತಿತ್ತು. ಎರಡು ಜೀಪುಗಳೂ ಒಂದೇ ದಿನ ಮರೋಳಕ್ಕೆ ಬರಬೇಕು, ಹತ್ತು ಹತ್ತು ಟಗರು ಹೊತ್ತು ಐಹೊಳೆ ದಿಕ್ಕಿನ ಮಡ್ಡಿ ಏರಿ ಚಂದಪ್ಪನ ದಡ್ಡಿ ಮುಟ್ಟಬೇಕು, ಆಮೇಲೆ ಎರೆ ಹೊಲದ ಕಾಲುದಾರಿಯಲ್ಲಿ ಇಳಿದು ಊರಿಗೆ ಬರಬೇಕು ಎಂದ.

"ನನ್ನ ಗಾಡ್ಯಾಗ ಕುರಿ?" ಎಂದರು ಹೊಳಬಸಪ್ಪನವರು. ವಿಭೂತಿ ಕೊಂಚ ಸುಕ್ಕಾಯಿತು.

"ತಗೊಂಡ ಮ್ಯಾಲ ನಾ ಅದರಾಗ ಬಸವಪುರಾಣದ ಹೊತ್ತಿಗಿ ಹೇರೂದಿಲ್ರೀ ಸಾವ್ಕಾರ್ರ," ಎಂದ ಅಮಸಿದ್ದಪ್ಪ.

ಎರಡು ದಿನ ಮಳೆ ಸುರಿದು ಹೊಳವಾದ ಮುಂಜಾನೆ ಎರಡೂ ಗಾಡಿ ಬಂದವು. ಮರೋಳದಲ್ಲಿ ಅಂದು ಯಾರೂ ಹೊಲಕ್ಕೆ ಹೋಗಲಿಲ್ಲ. ಕೆಂಪು ಜೀಪಿನ ಮುಂದೆ ಹೊಳಬಸಪ್ಪನವರೂ ಅಮಸಿದ್ದಪ್ಪನೂ ಕೂತರು. ಹಿಂದೆ ಹತ್ತು ಟಗರು, ಅವುಗಳ ನಡುವೆ ಸೆರಗು ಬಿಗಿದುಕೊಂಡು ರೇಣವ್ವ. ಸಪಾಟು ದಾರಿಯಲ್ಲಿ ಗಾಡಿ ನಿಜಕ್ಕೂ ಬೆಣ್ಣೆಯ ಹಾಗೆ ಓಡಿತು. ಮಡ್ಡಿಯ ಏರು ಶುರುವಾಯಿತು. ಸಾವುಕಾರರು ಇನ್ನೊಂದು ಗೇರಿನ ಕಡ್ಡಿ ಜಗ್ಗಿ ನಾಲ್ಕೂ ಗಾಲಿಗೆ ಬಲ ಕೊಟ್ಟರು. ಅರ್ಧ ಏರಿಗೆ ಇಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಹಿಂದಿನಿಂದ ನೀಲಿ ಹೊಗೆ ಎದ್ದು ಟಗರುಗಳ ಮೇಲೆ ಹಾದುಹೋಯಿತು. ಗಾಡಿ ನಿಂತಿತು.

ಅಮಸಿದ್ದಪ್ಪ ಕೆಳಗಿಳಿದು ಹಿಂದಕ್ಕೆ ಹೋಗಿ ಬಗ್ಗಿ ಮೂಸಿದ. ರೋಗದ ಕುರಿಯನ್ನು ಅವನು ಉಸಿರಿನ ವಾಸನೆಯಲ್ಲೇ ಹಿಡಿಯುತ್ತಿದ್ದ. ಈ ವಾಸನೆಗೆ ಅಷ್ಟು ವಿದ್ಯೆಯೂ ಬೇಕಿರಲಿಲ್ಲ.

"ಸಾವ್ಕಾರ್ರ, ಇದು ಚಿಮಣಿ ಎಣ್ಣಿ."

"ಛೇ ಛೇ, ಏನರೆ ಅಂತೀಯಲ್ಲ. ಹಳೇ ಇಂಜಿನ್, ಒಂದೊಂದು ಸಲ ಹಂಗ ವಾಸನಿ..."

ರೇಣವ್ವ ಟಗರುಗಳನ್ನು ದಾಟಿ ಜಿಗಿದಳು. ಆ ತಿಂಗಳು ಮರೋಳದ ಒಂದು ಮನೆಗೂ ಸೀಮೆಎಣ್ಣೆ ಸಿಕ್ಕಿರಲಿಲ್ಲ. ಮೇಲಿಂದಲೇ ಬಂದಿಲ್ಲವೆಂದು ಹೊಳಬಸಪ್ಪನವರು ಕೈಮುಗಿದು ಹೇಳಿ ಕಳಿಸಿದ್ದರು. ಕ್ಯಾನು ಹಿಡಿದು ಎರಡು ಸಲ ಬರಿಗೈಲಿ ತಿರುಗಿದವರಲ್ಲಿ ಅವಳೂ ಒಬ್ಬಳು.

"ಇಪ್ಪತ್ತ ದಿನಾ ಆತು, ಕತ್ತಲದಾಗ ರೊಟ್ಟಿ ಬಡ್ಯಾಕತ್ತೇನಿ!" ಎಂದಳು. "ನಮ್ಮ ದೀಪದ ಎಣ್ಣಿ ಎಲ್ಲಿ ಹೋತು ಅಂತ ಈಗ ತಿಳೀತು. ನಿಮ್ಮ ಜೀಪು ಕುಡದೈತಿ! ಮತ್ತ ಪೆಟ್ರೋಲಿಂದು ಅಂತೀರಿ? ರೇಷನ್ನಿಂದು ಅನ್ರಿ!"

ಗಾಡಿಯ ಹಿಂದೆ ನಡೆದು ಬಂದಿದ್ದ ಹೆಂಗಸರು ಸುತ್ತ ಸೇರಿದರು. ಆಮೇಲಿನ ಕಾಲು ಗಂಟೆಯಲ್ಲಿ ಹೊಳಬಸಪ್ಪನವರು ಕೇಳಿಸಿಕೊಂಡದ್ದನ್ನು ಅಚ್ಚು ಹಾಕುವಂತಿಲ್ಲ. ಮರುವಾರವೇ ಎಲ್ಲರಿಗೂ ಎಣ್ಣೆ ಕೊಡುತ್ತೇನೆಂದು ಬೀರಪ್ಪನ ಮೇಲೆ ಆಣೆ ಮಾಡಿದ ಮೇಲೆ ಬಿಟ್ಟರು. ಮೊದಲು ಅವರು ತಮ್ಮ ಮನೆದೇವರ ಮೇಲೆ ಆಣೆ ಮಾಡಲು ಬಂದಾಗ ಹೆಂಗಸರು ಒಪ್ಪಿರಲಿಲ್ಲ.

ಅಷ್ಟರಲ್ಲಿ ಡೀಸೆಲ್ ಗಾಡಿ ಬಂತು. ಬಂತು ಅನ್ನುವುದಕ್ಕಿಂತ ಕೇಳಿಸಿತು ಎನ್ನಬೇಕು. ಹತ್ತು ಟಗರು ಹೊತ್ತು, ಕರ್ರಗೆ ಹೊಗೆ ಬಿಡುತ್ತ, ನಡೆಯುವ ಮನುಷ್ಯನಿಗಿಂತ ಸ್ವಲ್ಪವೇ ಜೋರಾಗಿ, ಎಲ್ಲಿಯೂ ನಿಲ್ಲದೆ, ಕೆಂಪು ಜೀಪಿನ ಪಕ್ಕದಿಂದ ಹಾದು ಏರು ಹತ್ತಿ ಚಂದಪ್ಪನ ದಡ್ಡಿ ಮುಟ್ಟಿತು. ಜಲಾಲುದ್ದೀನ ಮಿಸ್ತ್ರಿ ಮೀಸೆ ತಿರುವಿದ. ಮುಗಿಯಿತು ಎಂದುಕೊಂಡ ಅಮಸಿದ್ದಪ್ಪ. ಇನ್ನು ಇಳಿಯುವುದಿತ್ತು.

ಎರೆ ಹೊಲದಲ್ಲಿ ಡೀಸೆಲ್ ಗಾಡಿ ಐವತ್ತು ಹೆಜ್ಜೆ ಹೋಯಿತು. ಮುಂದಿನ ಇಂಜಿನ್ನಿನ ಭಾರಕ್ಕೆ ಮೂಗು ಕೆಳಗಾಗಿ ಎರಡೂ ಮುಂಗಾಲಿ ಕರಿ ಮಣ್ಣಿನಲ್ಲಿ ಇಳಿದವು. ಜಲಾಲುದ್ದೀನ ಎಕ್ಸಿಲರೇಟರ್ ಒತ್ತಿದ, ಹಿಂಗಾಲಿಗಳೂ ಇಳಿದವು. ಇನ್ನೂ ಒತ್ತಿದ, ಅಚ್ಚು ನೆಲ ಹಿಡಿಯಿತು. ಟಗರುಗಳು ಒಂದೊಂದಾಗಿ ಹೊರಗೆ ಹಾರಿ, ಕೆಸರಿನ ಮೇಲೆ ಆರಾಮವಾಗಿ ನಡೆದುಕೊಂಡು ಊರ ಕಡೆ ಹೊರಟವು. ಮಿಸ್ತ್ರಿ ಸ್ಟೇರಿಂಗಿಗೆ ತಲೆ ಕೊಟ್ಟು ಕೂತ.

ಈ ಗದ್ದಲ ಸುತ್ತಲಿನ ಮಡ್ಡಿಗಳಿಗೆಲ್ಲ ಕೇಳಿಸಿತ್ತು. ಏನೋ ತಮಾಷೆ ನಡೆದಿದೆಯೆಂದು ನಾಲ್ಕು ದಡ್ಡಿಯ ಕುರಿಯವರು ಕುರಿಗಳನ್ನೂ ಹೊಡೆದುಕೊಂಡು ಬಂದು ನಿಂತರು. ಅವರು ಬೈಗುಳಗಳೊಂದಿಗೆ ನೂಕಿದರು. ಕೆಂಪು ಜೀಪಿನ ಹೊಟ್ಟೆಗೆ ಆಳು ಕಳಿಸಿ ತರಿಸಿದ ಎರಡು ಲೀಟರ್ ನಿಜವಾದ ಪೆಟ್ರೋಲ್ ಬಿದ್ದ ಮೇಲೆ ಹೊಳಬಸಪ್ಪನವರು, ಹೋದ ಮಾನದಲ್ಲಿ ಕೊಂಚವಾದರೂ ಬರಲಿ ಎಂದು, ಗಟ್ಟಿ ನೆಲದ ಮೇಲೆ ನಿಂತು ಹಗ್ಗ ಕಟ್ಟಿ ಎಳೆದರು. ಹತ್ತು ಮಂದಿ ನೂಕಿ, ಆ ಜೀಪು ಎಳೆದು, ಈ ಜೀಪು ಮೇಲೆ ಬಂತು.

"ಈಗ ಹೇಳಪಾ," ಎಂದರು ಸಾವುಕಾರರು ಬೆವರು ಒರೆಸುತ್ತ, "ಯಾರ ಗಾಡಿ ಯಾರನ್ನ ಎಬ್ಬಿಸಿತು?"

ಮಾತು ಸುಳ್ಳಾಗಿರಲಿಲ್ಲ. ಅಮಸಿದ್ದಪ್ಪ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದ. ಪೆಟ್ರೋಲಿನದು ಹಗುರ, ಅಗ್ಗ, ನುರಿತ ಕೈಯಲ್ಲಿ ಕೆಸರಿಗೂ ಬಗ್ಗದು. ಆದರೆ ನಿಯತ್ತಿನ ಎಣ್ಣೆ ಹಾಕಿ ಓಡಿಸಿದರೆ ಅದರ ಹೊಟ್ಟೆಗೇ ವಾರಕ್ಕೊಂದು ಟಗರು ಮಾರಬೇಕು. ನಿಯತ್ತಿಲ್ಲದ ಎಣ್ಣೆ ಹಾಕಿದರೆ ರೇಣವ್ವ ಮನೆಯೊಳಗೆ ಸೇರಿಸುವುದಿಲ್ಲ. ಡೀಸೆಲಿನದು ಹೊರೆ ಹೊರುತ್ತದೆ, ಕಡಿಮೆ ತಿನ್ನುತ್ತದೆ, ಎರೆ ಹೊಲದಲ್ಲಿ ಮಾತ್ರ ಎಮ್ಮೆ. ಯೋಚಿಸುತ್ತಲೇ ಅವನ ಕಣ್ಣು ಎದುರಿಗೆ ನಿಂತಿದ್ದ ಕುರಿಗಳ ಮೇಲೆ ಹೋಯಿತು. ನಾಲ್ಕು ದಡ್ಡಿಯ ಟಗರುಗಳು, ಒಂದೇ ಜಾಗದಲ್ಲಿ, ನಬಿಸಾಬನ ಗುರುತಿಲ್ಲದೆ.

ಎದ್ದು ಹೋಗಿ ಒಂದರ ಸೊಂಟಕ್ಕೆ ಕೈ ಹಾಕಿದ. ಆಮೇಲೆ ಇನ್ನೊಂದಕ್ಕೆ. ಜೀಪಿನವರಿಬ್ಬರೂ ಕಾಯುತ್ತ ನಿಂತರು. ಮಧ್ಯಾಹ್ನದ ಹೊತ್ತಿಗೆ ನಲವತ್ತೆರಡು ಟಗರು ಕೊಂಡಿದ್ದ. ಅಷ್ಟು ಕೊಳ್ಳಲು ಬೇರೆ ದಿನಗಳಲ್ಲಿ ಎಂಟು ದಿನ ನಡೆಯಬೇಕಿತ್ತು.

ಆಮೇಲೆ ಜಲಾಲುದ್ದೀನನ ಮುಂದೆ ಕೂತು, ಸಂತೆಯ ಪದ್ಧತಿಯಂತೆ ಟವೆಲ್ ಹೊದಿಸಿ ಅದರ ಕೆಳಗೆ ಅವನ ಕೈ ಹಿಡಿದ. ಬೆರಳು ಹಿಡಿದೇ ದರ ಹೇಳುವ ಮಾತುಕತೆ. ಮಿಸ್ತ್ರಿಗೆ ಅದು ಗೊತ್ತಿರಲಿಲ್ಲ, ಕಚಗುಳಿಯಾಗಿ ನಗತೊಡಗಿದ. ನಗುನಗುತ್ತಲೇ ನೂರು ಟಗರಿನ ಗಾಡಿ ಎಂಬತ್ತೆಂಟು ಟಗರಿಗೆ ಇಳಿಯಿತು.

"ಅಣ್ಣಾ, ಮೊಣಕಾಲ ತನಕ ಕೆಸರು ಇರೋ ಹೊತ್ತಿನ್ಯಾಗ ಹಿಡದ್ರಿ ನನ್ನ," ಎಂದ ಅವನು.

"ಕುರೀನೂ ನಾ ಹಂಗ ಹಿಡೀತೇನಿ," ಎಂದ ಅಮಸಿದ್ದಪ್ಪ.

ರೇಣವ್ವ ಟ್ರಂಕು ತೆಗೆದಳು. ಅದಕ್ಕೆ ಮೊದಲು ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆಸಿ ಮೂಸಿ ನೋಡಿದಳು.

ಓಡಿಸಲು ಜಲಾಲುದ್ದೀನನೇ ಹದಿನೈದು ದಿನ ಕಲಿಸಿದ. ಒಂದು ಹಿತ್ತಲ ಗೋಡೆ, ಎರಡು ಬೇಲಿ ಹೋದವು. ಬಕ್ರೀದಿನ ಹಿಂದಿನ ವಾರ ಮಳೆ ಮತ್ತೆ ಹಿಡಿಯಿತು. ಅಮೀನಗಡದ ದಾರಿಯಲ್ಲಿ, ಹನ್ನೆರಡು ಟಗರು ಹೇರಿಕೊಂಡು ಹೋಗುತ್ತಿದ್ದ ಅಮಸಿದ್ದಪ್ಪನಿಗೆ ನಬಿಸಾಬ ಸಿಕ್ಕ. ಮೋಟರ್ ಸೈಕಲ್ಲಿನ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಎರೆ ಮಣ್ಣು ಸಿಮೆಂಟಿನ ಹಾಗೆ ಕೂತಿತ್ತು. ಬೆರಳಿನಿಂದ ಕೆರೆಯುತ್ತ ಕೂತಿದ್ದ.

ಇದೇ ಹೊತ್ತಿಗೆಂದು ಅಮಸಿದ್ದಪ್ಪ ಎರಡು ತಿಂಗಳಿಂದ ಒಂದು ಮಾತು ಹೊಂದಿಸಿ ಇಟ್ಟುಕೊಂಡಿದ್ದ. ಗಾಡಿ ನಿಲ್ಲಿಸಿದ. ನಬಿಸಾಬನ ತೊಯ್ದ ಗಡ್ಡ, ಮಣ್ಣು ತುಂಬಿದ ಉಗುರು ನೋಡಿದ.

"ಹತ್ತಪಾ," ಎಂದ.

ಮೋಟರ್ ಸೈಕಲ್ಲನ್ನು ಹತ್ತಿರದ ತೋಟದ ಮನೆಯಲ್ಲಿ ನಿಲ್ಲಿಸಿ ನಬಿಸಾಬ ಹತ್ತಿದ. ಸಂತೆ ಮುಗಿಸಿ ಬರುವಾಗಲೂ ಜೊತೆಗೇ ಬಂದ. ಮುಂದಿನ ವಾರ ಡೀಸೆಲಿಗೆ ಅರ್ಧ ದುಡ್ಡು ತಾನೇ ತಂದುಕೊಟ್ಟ. ದೀಪಾವಳಿ ಹೊತ್ತಿಗೆ ಇಬ್ಬರ ವ್ಯಾಪಾರ ಒಂದಾಗಿತ್ತು: ದಡ್ಡಿಯವರೊಡನೆ ಮಾತು ನಬಿಸಾಬನದು, ಸೊಂಟ ಒತ್ತುವ ಕೈ ಅಮಸಿದ್ದಪ್ಪನದು. ಇಬ್ಬರು ವ್ಯಾಪಾರಿಗಳು ಇಷ್ಟು ದಿನ ಜಗಳವಿಲ್ಲದೆ ಹೇಗಿದ್ದಾರೆಂದು ಅಮೀನಗಡದವರು ಬೆರಗಾಗುತ್ತಿದ್ದರು. ಅದರ ಗುಟ್ಟು ಇಷ್ಟೇ, ಆ ಇಂಜಿನ್ನಿನ ಗದ್ದಲದಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸುತ್ತಿರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ಸಂತೆಯ ದಿನ ರೇಣವ್ವನೂ ಬಂದರೆ ಮುಂದಿನ ಸೀಟು ಅವಳಿಗೆ. ನಬಿಸಾಬ ಹಿಂದೆ ಟಗರುಗಳ ನಡುವೆ ಕೂರುತ್ತಿದ್ದ. ಒಂದು ದಿನ ಹಾಗೆ ಕೂತವನು ಏನೋ ಜೋರಾಗಿ ಕೂಗಿದ. ಅಮಸಿದ್ದಪ್ಪ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹಿಂದಕ್ಕೆ ತಿರುಗಿ ಕೇಳಿದ.

"ಏನಂದಿ?"

"ಏನಿಲ್ಲಪಾ," ಎಂದ ನಬಿಸಾಬ, ಮಡಿಲಲ್ಲಿದ್ದ ಮರಿಯನ್ನು ಸರಿಯಾಗಿ ಕೂರಿಸಿಕೊಳ್ಳುತ್ತ. "ಹಾಡ ಹಾಡಾಕತ್ತಿದ್ದೆ. ನೀ ನಡಿ."